ಮೊಸರು ಒಮ್ಮೆ ಸಿಹಿ, ಒಮ್ಮೆ ಹುಳಿ ಏಕೆ?

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಸೋದರತ್ತೆ ಪುಟ್ಟನಂಜಮ್ಮನವರು, ಮಜ್ಜಿಗೆ ಕಡೆಯುತ್ತಾ ಕೂತಾಗ.

ದೇವರು ಲೋಕವನ್ನು ಆಗಷ್ಟೇ ಮಾಡಿಟ್ಟಿದ್ದ. ಹಾಲು ಇತ್ತು, ಮೊಸರು ಇನ್ನೂ ಇರಲಿಲ್ಲ.

ಗುಡ್ಡದ ಬುಡದಲ್ಲಿ ಸಿದ್ದವ್ವ ಎಂಬ ಅಜ್ಜಿ ಇದ್ದಳು. ಅವಳ ಮೊಮ್ಮಗಳು ಜ್ವರದಿಂದ ಎದ್ದು ಸೊರಗಿದ್ದಳು. ಹಾಲು ಕುಡಿಸಿದರೆ ಕಕ್ಕಿಬಿಡುತ್ತಿದ್ದಳು.

ಹಸು ಕಪಿಲೆ ಹೇಳಿತು, "ಸಿದ್ದವ್ವಾ, ನಾನು ತುಂಬಿದ ಗಬ್ಬ. ಇದೇ ಕೊನೆಯ ಹಾಲು. ನಾಳೆಯಿಂದ ಕರೆಯಬೇಡ."

ಆಗ ಗಾಳಿ ಒಂದು ಮೆಣಸಿನಕಾಯಿ ತೊಟ್ಟನ್ನು ತಂದು ಅಂಗಳದಲ್ಲಿ ಇಳಿಸಿತು. ತೊಟ್ಟಿನ ತುಂಬ ಕಣ್ಣಿಗೆ ಕಾಣದಷ್ಟು ಚಿಕ್ಕವರು ಕೂತಿದ್ದರು.

"ಅಜ್ಜೀ, ನಮಗೆ ಮನೆಯಿಲ್ಲ. ಹಾಲಿನಲ್ಲಿ ಇರಲು ಬಿಡು. ಅದರ ಸಿಹಿ ತಿಂದು ಹುಳಿ ಕೊಡುತ್ತೇವೆ. ಹಾಲು ಹೆಪ್ಪುಗಟ್ಟಿ ಮಗುವಿನ ಹೊಟ್ಟೆಯಲ್ಲಿ ನಿಲ್ಲುತ್ತದೆ."

ಸಿದ್ದವ್ವ ಅರ್ಧ ಹಾಲನ್ನು ಎತ್ತಿಟ್ಟು, ಉಳಿದರ್ಧದ ಗಡಿಗೆಗೆ ಅವರನ್ನು ಬಿಟ್ಟಳು. ಮನೆಗೆ ಬಂದವರಿಗೆ ಬೆಲ್ಲ ಕೊಡದಿದ್ದರೆ ಹೇಗೆ? ದೊಡ್ಡದೊಂದು ಅಚ್ಚು ಹಾಕಿದಳು. ಚಳಿಯಾದೀತೆಂದು ಒಲೆಗೆ ಒತ್ತಿ ಇಟ್ಟಳು.

"ತಿನ್ನಿ ಮಕ್ಕಳೇ, ಸಂಕೋಚ ಬೇಡ," ಎಂದು ಘಳಿಗೆಗೊಮ್ಮೆ ಮುಚ್ಚಳ ತೆಗೆದು ಹೇಳಿದಳು.

ಅವರಿಗೆ ಸಂಕೋಚವೆಲ್ಲಿ! ಗಬಗಬ ತಿಂದರು. ಒಬ್ಬರು ಇಬ್ಬರಾದರು, ಇಬ್ಬರು ನಾಲ್ವರಾದರು. ಗಬಗಬ ತಿಂದು ಹುಳಿಯ ಮೇಲೆ ಹುಳಿ ಬಿಟ್ಟರು. ಗಡಿಗೆ ನೊರೆಯುಕ್ಕಿತು. ಹಾಲು ಒಡೆದು ನೀರೇ ಬೇರೆ, ಗಸಿಯೇ ಬೇರೆಯಾಯಿತು. ಮಗು ಒಂದು ಬೆರಳು ನೆಕ್ಕಿ ಮುಖ ಕಿವುಚಿಕೊಂಡಿತು.

"ಇದೇನ್ರೋ ಮಾಡಿದ್ದು? ಉಂಡ ಮನೆಗೇ ಹುಳಿ ಹಿಂಡಿದಿರಲ್ಲ!"

"ನೀನೇ ಉಪಚಾರ ಮಾಡಿ ಕೆಡಿಸಿದೆ, ಅಜ್ಜೀ," ಎಂದು ಚಿಕ್ಕವರು ತೇಗಿದರು. "ಇಷ್ಟು ಸಿಹಿ, ಇಷ್ಟು ಬಿಸಿ ಇದ್ದರೆ ನಮ್ಮ ಬಾಯಿ ನಿಲ್ಲುವುದಿಲ್ಲ."

ಕೊಟ್ಟಿಗೆಯಿಂದ ಕಪಿಲೆ ನಕ್ಕಿತು. "ಸಿದ್ದವ್ವಾ, ನನ್ನ ಕೆಚ್ಚಲಿನಷ್ಟು ಬೆಚ್ಚಗಿದ್ದರೆ ಸಾಕು. ಹಾಲಿನೊಳಗಿನ ಸಿಹಿಯೇ ಸಾಕು. ಘಳಿಗೆಗೊಮ್ಮೆ ಮುಚ್ಚಳ ತೆಗೆದು ಮಾತಾಡಿಸಬೇಡ."

ಉಳಿದದ್ದು ಅರ್ಧವೇ ಹಾಲು. ಸಿದ್ದವ್ವ ಅದನ್ನು ಒಲೆಯ ಮೇಲೆ ತುಸುವೇ ಬೆಚ್ಚಗೆ ಮಾಡಿದಳು. ಮನೆದೇವರನ್ನು ನೆನೆದು ಹಾಲಿಗೆ ಬೆರಳಿಟ್ಟಳು. ಸುಡಲಿಲ್ಲ, ತಣ್ಣಗೂ ಇರಲಿಲ್ಲ. ಹುಳಿ ಗಡಿಗೆಯಿಂದ ಒಂದು ಹನಿಯಷ್ಟು ಮಂದಿಯನ್ನು ಮಾತ್ರ ಎತ್ತಿ ಬಿಟ್ಟು, ಮುಚ್ಚಿ, ಒಲೆಯಿಂದ ದೂರ ಇಟ್ಟಳು. ಚಿಕ್ಕವರು ನಿಧಾನವಾಗಿ ಉಂಡರು, ನಿಧಾನವಾಗಿ ಹುಳಿ ಬಿಟ್ಟರು.

ಬೆಳಿಗ್ಗೆ ನೋಡಿದರೆ ಗಡಿಗೆ ಓರೆ ಮಾಡಿದರೂ ಅಲುಗದ ಮೊಸರು! ಮಗು ಒಂದು ತುತ್ತು ಮೊಸರನ್ನ ಉಂಡಿತು. ಅಜ್ಜಿ ಉಸಿರು ಹಿಡಿದು ಕಾದಳು. ತುತ್ತು ಹೊಟ್ಟೆಯಲ್ಲಿ ನಿಂತಿತು.

"ಅಜ್ಜೀ, ಇನ್ನೊಂದು," ಎಂದಿತು ಮಗು.

ಅದಕ್ಕೇ ಇಂದಿಗೂ ನಿಮ್ಮಮ್ಮ ಹೆಪ್ಪು ಹಾಕುವ ಮುನ್ನ ಹಾಲಿಗೆ ಬೆರಳಿಟ್ಟು ನೋಡುವುದು. ಬೇಸಿಗೆಯ ಮಧ್ಯಾಹ್ನ ಮೊಸರು ಹುಳಿಯಾಗಿದ್ದರೆ, ಆ ಚಿಕ್ಕವರು ಒಳಗೆ ಗಬಗಬ ತಿನ್ನುತ್ತಿದ್ದಾರೆಂದೇ ತಿಳಿಯಿರಿ.

ಪಂಕ್ತಿಯಲ್ಲಿ ಮೊಸರನ್ನ ಬಂದಾಗ ಪಕ್ಕದಲ್ಲಿ ಕೂತವರಿಗೆ ಈ ಕಥೆಯನ್ನೂ ಒಂದಿಷ್ಟು ಬಡಿಸಿರಪ್ಪ.