ದೇವರನ್ನು ಕರೆಯದ ಸಾಕ್ಷಿ

“ಗುರುಗಳೇ, ಕಟಕಟೆಯಲ್ಲಿ ನಿಂತ ಸಾಕ್ಷಿ ದೇವರ ಹೆಸರಿನಲ್ಲಿ ಪ್ರಮಾಣ ಮಾಡುವುದು ಮೇಲೋ, ದೇವರನ್ನು ಬಿಟ್ಟು ಬರಿಯ ಸತ್ಯನಿಷ್ಠೆಯ ಮೇಲೆ ಮಾಡುವುದು ಮೇಲೋ?” ಎಂದು ಶಿಷ್ಯ ಚನ್ನಮಲ್ಲಯ್ಯ ಕೇಳಿದ. ಅವನ ದಾಯಾದಿಯೊಬ್ಬನ ಮೇಲೆ ಮೊಕದ್ದಮೆ ನಡೆದಿತ್ತು. ಸಾಕ್ಷಿ ಹೇಳಲು ಇವನಿಗೆ ಸಮನ್ಸು ಬಂದಿತ್ತು.

ಬೆಳಗಿನಿಂದ ಬಂದುಹೋದವರ ದೂರುಗಳನ್ನು ಕೇಳಿ ಗುರುಗಳು ದಣಿದಿದ್ದರು. ಗೋಡೆಗೆ ಒರಗಿಕೊಂಡು, ಕೂತುಕೋ ಎಂದು ಕೈ ತೋರಿಸಿ ಹೇಳತೊಡಗಿದರು.

ಒಬ್ಬ ಬಳೆಗಾರನಿದ್ದ. ಬಳೆಗಳ ಮಲಾರವನ್ನು ಹೆಗಲಿಗೆ ಹೊತ್ತು ಊರೂರು ತಿರುಗುತ್ತಿದ್ದ. ಮನೆದೇವತೆಗೆ ಕೈಮುಗಿಯದೆ ಹೊಸ್ತಿಲು ದಾಟಿದವನಲ್ಲ. ಒಂದು ಮಧ್ಯಾಹ್ನ ತಂಗಿಯ ಊರಿಗೆ ಹೋಗುವ ದಾರಿಯಲ್ಲಿ ಜಗಳದ ಸದ್ದು ಕೇಳಿ ನಿಂತ. ಬದುವಿನ ಮೇಲೆ ಅವನ ತಂಗಿಯ ಗಂಡನೂ ಪಕ್ಕದ ಹೊಲದವನೂ ಕೈಕೈ ಮಿಲಾಯಿಸಿದ್ದರು. ನೋಡುತ್ತಿದ್ದಂತೆ ಮೈದುನನ ಗುದ್ದಲಿ ಮೇಲೆದ್ದಿತು. ಪಕ್ಕದ ಹೊಲದವನು ಮತ್ತೆ ಏಳಲಿಲ್ಲ.

ಮೈದುನ ಓಡಿಹೋದ. ಬಳೆಗಾರ ದಾರಿಯಲ್ಲೇ ನಿಂತಿದ್ದ. ಕೂಗು ಕೇಳಿ ಓಡಿ ಬಂದವನು ಒಬ್ಬ ಕುರಿಗಾಹಿ. ಅವನು ಬಿದ್ದವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ನೀರು ಕುಡಿಸಲು ನೋಡಿದ. ಊರವರು ಬಂದಾಗ ಕಂಡದ್ದು ಅವನ ಕಂಬಳಿಯ ಮೇಲಿನ ರಕ್ತ. ಅವನು ಪರ ಊರಿನವನು. ಅವನ ಪರವಾಗಿ ಮಾತಾಡುವವರು ಅಲ್ಲಿ ಯಾರೂ ಇರಲಿಲ್ಲ.

ಹೊಡೆದವನು ಕುರಿಗಾಹಿಯೇ, ತನ್ನ ಹೆಂಡತಿಯ ಅಣ್ಣ ಕಣ್ಣಾರೆ ಕಂಡಿದ್ದಾನೆ ಎಂದು ಮೈದುನ ಪೊಲೀಸರಿಗೆ ಹೇಳಿದ. ಪೊಲೀಸರು ಬಳೆಗಾರನ ಮುಖ ನೋಡಿದರು. ಬಳೆಗಾರ ತಲೆ ತಗ್ಗಿಸಿದ. ಅದನ್ನೇ ಹೌದೆಂದು ಬರೆದುಕೊಂಡು ಕುರಿಗಾಹಿಯನ್ನು ಹಿಡಿದೊಯ್ದರು.

ಮೊಕದ್ದಮೆ ವಾಯಿದೆಯ ಮೇಲೆ ವಾಯಿದೆ ಬಿದ್ದು ಎಳೆಯಿತು. ಬಳೆಗಾರನಿಗೆ ಅನ್ನ ಸೇರದಾಯಿತು. ದೇವತೆಯ ಮೇಲೆ ಆಣೆ ಇಟ್ಟು ಸುಳ್ಳು ನುಡಿಯಲಾರೆ ಎಂದು ಕೊನೆಗೆ ತಂಗಿಯ ಮನೆಗೆ ಹೋಗಿ ಹೇಳಿದ. ತಂಗಿ ಬಾಣಂತಿ. ಕೂಸನ್ನು ನೆಲದ ಮೇಲೆ ಮಲಗಿಸಿ ಬಂದು ಅವನ ಕಾಲು ಹಿಡಿದಳು.

“ಊರವರಿಗೆಲ್ಲ ಬಳೆ ತೊಡಿಸುತ್ತೀಯ ಅಣ್ಣಾ, ನನ್ನ ಕೈಯ ಬಳೆ ಒಡೆಯುತ್ತೀಯಾ?”

ಮೈದುನ ಬಳೆಗಾರನನ್ನು ಒಬ್ಬ ವಕೀಲನ ಬಳಿಗೆ ಕರೆದೊಯ್ದ. ವಕೀಲ ಎಲ್ಲವನ್ನೂ ಕೇಳಿ ನಕ್ಕ. “ಇದಕ್ಕೆ ಇಷ್ಟು ಕಂಗಾಲಾಗಬೇಕೇ? ದೇವರ ಹೆಸರೆತ್ತದೆಯೂ ಪ್ರಮಾಣ ಮಾಡಬಹುದು. ಕಾನೂನು ಒಪ್ಪುತ್ತದೆ. ನೀನು ನಿನ್ನ ದೇವತೆಯನ್ನು ಮನೆಯಲ್ಲೇ ಬಿಟ್ಟು ಬಾ” ಎಂದ.

ಬಳೆಗಾರನ ಎದೆ ಹಗುರವಾಯಿತು. ಆ ದಿನ ಅವನು ಹೊಟ್ಟೆ ತುಂಬ ಉಂಡ.

ವಿಚಾರಣೆಯ ದಿನ ಹಣೆಯ ಕುಂಕುಮದೊಂದಿಗೇ ಕಟಕಟೆ ಹತ್ತಿದ. ದೇವರ ಹೆಸರಿನ ಪ್ರಮಾಣ ಬೇಡವೆಂದ. ನ್ಯಾಯಾಧೀಶರು ಅವನ ಹಣೆಯನ್ನು ನೋಡಿದರು.

“ದೇವರಲ್ಲಿ ನಂಬಿಕೆ ಇಲ್ಲವೇ?”

“ಇದೆ ಸ್ವಾಮಿ. ಅದಕ್ಕೇ ಕರೆಯಲಿಲ್ಲ.”

ಆ ನ್ಯಾಯಾಧೀಶರು ಎಷ್ಟೋ ಸಾಕ್ಷಿಗಳನ್ನು ಕಂಡು ಬೇಸತ್ತವರು. ಮತ್ತೇನೂ ಕೇಳದೆ, ಮುಂದುವರಿಸಿ ಎಂದರು. ಬಳೆಗಾರ ಸತ್ಯವನ್ನೇ ಹೇಳುತ್ತೇನೆಂದು ನುಡಿದ. ಸರ್ಕಾರಿ ವಕೀಲರು, ಹೊಡೆದವನನ್ನು ತೋರಿಸು ಎಂದರು.

ಬಳೆಗಾರ ಕುರಿಗಾಹಿಯ ಕಡೆಗೆ ತಿರುಗಿದ. ಆ ಮುಖದಲ್ಲಿ ಸಿಟ್ಟಿರುತ್ತದೆ, ಇಲ್ಲವೇ ಅಂಗಲಾಚಿಕೆ ಇರುತ್ತದೆ ಎಂದುಕೊಂಡಿದ್ದ. ಎರಡೂ ಇರಲಿಲ್ಲ. ನಿಂತು ನಿಂತು ಸೋತ ಕುರಿಗಾಹಿ ಕಂಬಿಗೆ ಒರಗಿ, ಇದೊಂದು ಬೇಗ ಮುಗಿದರೆ ಸಾಕು ಎಂಬಂತೆ ನೋಡುತ್ತಿದ್ದ.

ಬಳೆಗಾರನ ಕೈ ಏಳಲಿಲ್ಲ. ದೇವತೆಯ ಮುಂದೆ ತಪ್ಪಿ ನಡೆದಿದ್ದರೆ ತಪ್ಪುಕಾಣಿಕೆ ಹಾಕಬಹುದಿತ್ತು. ಉರುಳುಸೇವೆ ಮಾಡಿ ಅತ್ತು ಕರೆಯಬಹುದಿತ್ತು. ತಾಯಿ ಎಂದಾದರೂ ಕ್ಷಮಿಸುತ್ತಿದ್ದಳು. ಅವಳನ್ನು ತಾನೇ ಮನೆಯಲ್ಲಿ ಬಿಟ್ಟು ಬಂದಿದ್ದ. ಇಲ್ಲಿ ಇದ್ದವನು ಈ ಕುರಿಗಾಹಿ ಒಬ್ಬನೇ. ಕ್ಷಮೆ ಕೇಳುವುದಾದರೆ ಇವನನ್ನೇ ಕೇಳಬೇಕು, ಅದೂ ಇವನನ್ನು ಸೆರೆಮನೆಗೆ ಅಟ್ಟಿದ ಮೇಲೆ.

“ಇವನಲ್ಲ ಸ್ವಾಮಿ. ನನ್ನ ತಂಗಿಯ ಗಂಡ” ಎಂದ.

ಅದು ಧೈರ್ಯದ ಮಾತಾಗಿರಲಿಲ್ಲ. ಇನ್ನು ಹೊರಲಾರದವನು ಹೊರೆಯನ್ನು ನೆಲಕ್ಕೆ ಹಾಕಿದಂತಿತ್ತು.

ಕುರಿಗಾಹಿಯ ಬಿಡುಗಡೆಯಾಯಿತು. ಅವನು ಸೆರೆಯಲ್ಲಿದ್ದಾಗ ಅವನ ಕುರಿಗಳು ಯಾರು ಯಾರ ಪಾಲೋ ಆಗಿದ್ದವು. ಅವನು ಬಳೆಗಾರನ ಮುಂದೆಯೇ ಹಾದು ಹೊರಟುಹೋದ. ಮುಂದೆ ಮೈದುನನಿಗೆ ಶಿಕ್ಷೆಯಾಯಿತು. ಬಳೆಗಾರ ತಂಗಿಯನ್ನೂ ಕೂಸನ್ನೂ ತನ್ನ ಮನೆಗೆ ಕರೆತರಲು ಹೋದ. ಅವಳು ಬಾಗಿಲು ತೆರೆಯಲಿಲ್ಲ. ಒಳಗೆ ಕೂಸು ಅಳುತ್ತಿತ್ತು. ಅದು ಮಲಗುವವರೆಗೆ ಜಗಲಿಯಲ್ಲಿ ಕೂತಿದ್ದು ಎದ್ದು ಬಂದ. ಆಮೇಲೂ ಊರೂರು ತಿರುಗಿದ. ಆ ಊರಿನ ದಾರಿಯನ್ನು ಮಾತ್ರ ತುಳಿಯಲಿಲ್ಲ.

ಗುರುಗಳು ಕತೆ ನಿಲ್ಲಿಸಿ ಕಣ್ಣು ಮುಚ್ಚಿದರು. ಚನ್ನಮಲ್ಲಯ್ಯ “ಹಾಗಾದರೆ ದೇವರಿಲ್ಲದ ಪ್ರಮಾಣವೇ ಮೇಲೆಂದು ತಿಳಿಯಲೇ? ನಾನು ಅದನ್ನೇ ಮಾಡಲೇ?” ಎಂದು ಕೇಳಿದ.

ಗುರುಗಳು ಕಣ್ಣು ತೆರೆದು ಅವನನ್ನೇ ನೋಡಿದರು.

“ಬಂದಾಗಿನಿಂದ ಪ್ರಮಾಣದ ಮಾತನ್ನೇ ಆಡುತ್ತಿದ್ದೀಯಲ್ಲ ಮಗು, ನೀನು ಕಂಡದ್ದೇನು?”