ಜೋಡಿಸಿ ಎದ್ದವಳು

ಹೊಳೆಯ ದಂಡೆಯ ಮೇಲೆ ಒಬ್ಬ ಗುರು ಇದ್ದ. ಗದಿಗೆಪ್ಪ ಅಂತ ಹೆಸರು. ಮಂತ್ರ ಅವನಿಗೆ ಬರುತ್ತಿರಲಿಲ್ಲ. ತಂತಿ ಬರುತ್ತಿತ್ತು.

ತಂತಿ ಅಂದರೆ ತಾಮ್ರದ್ದಲ್ಲ. ಗಾಜಿನ ಎಳೆ. ಕೂದಲಷ್ಟು ಸಣ್ಣದು. ಅದರೊಳಗೆ ಬೆಳಕು ಓಡುತ್ತದೆ. ಬೆಳಕಿನ ಜೊತೆ ಜನರ ಮಾತು ಓಡುತ್ತದೆ.

ಎಳೆ ಕಡಿದರೆ ಮಾತು ನಿಲ್ಲುತ್ತದೆ. ಆಗ ಕಡಿದ ಜಾಗ ಹುಡುಕಬೇಕು. ಹುಡುಕಿ ಜೋಡಿಸಬೇಕು. ಗದಿಗೆಪ್ಪ ಈ ಎರಡನ್ನೂ ಕಲಿಸುತ್ತಿದ್ದ.

ಕಲಿಯಲು ಬಡ ದೇಶಗಳ ಮಕ್ಕಳು ಬರುತ್ತಿದ್ದರು. ಅವರ ದೇಶಗಳಲ್ಲಿ ಹೊರಗಿನವರು ಬಂದು ತಂತಿ ಹೂಳಿದ್ದರು. ಹೂಳಿ ತಮ್ಮ ಊರಿಗೆ ಹೋಗಿದ್ದರು. ಕಡಿದಾಗ ನೋಡುವವರು ಅಲ್ಲಿ ಯಾರೂ ಇರಲಿಲ್ಲ.

ಬಂದವರಿಗೆ ಒಂದು ಚಾಪೆ, ಒಂದು ತಟ್ಟೆ. ಗುರುವಿನ ಹೆಂಡತಿ ನೀಲವ್ವ ಇರುವ ತನಕ ಅವಳೇ ರೊಟ್ಟಿ ಬಡಿಯುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಗುರು ಬಡಿಯುತ್ತಿದ್ದ. ರೊಟ್ಟಿ ಕರಕಲಾಗುತ್ತಿತ್ತು. ಎಲ್ಲರೂ ಸುಮ್ಮನೆ ತಿನ್ನುತ್ತಿದ್ದರು.

ಆ ವರ್ಷ ತಿಯಾಮಿಕೆ ಬಂದಳು. ಮಲಾವಿ ದೇಶದವಳು. ಅಲ್ಲಿ ಒಂದು ದೊಡ್ಡ ಸರೋವರ, ಅದರ ದಂಡೆಯಲ್ಲಿ ಅವಳ ಊರು. ತಾಯಿ ಮೀನು ಮಾರುವವಳು.

ಕನ್ನಡ ಅವಳು ಗುರುವಿನ ಬಾಯಿಂದಲೇ ಕಲಿತಳು. ಹಾಗಾಗಿ ಅವನ ಹಾಗೆಯೇ ಮಾತಾಡುತ್ತಿದ್ದಳು.

ಮಾತು ಬಂದ ಮೇಲೆ ಗುರು ಕೇಳಿದ.

"ಯಾಕ ಬಂದಿ?"

"ನಮ್ಮೂರ ತಂತಿ ಕಡೀತ್ರಿ ಅಜ್ಜಾರ. ಹೊರಗಿನ ಮಂದಿ ಬಂದ್ರು. ನಾನ ಅವರಿಗೆ ನೀರು ಹೊತ್ತೆ. ಹೆಂಗ ಜೋಡಸ್ತೀರಿ, ತೋರಸ್ರಿ ಅಂದೆ."

"ತೋರಿಸಿದ್ರೇನು?"

"ಬೆನ್ನು ಕೊಟ್ಟು ಕುಂತ್ರು. ನಿನ್ನ ಕೆಲಸ ಅಲ್ಲ ಅಂದ್ರು. ಮಧ್ಯಾಹ್ನಕ್ಕ ಹೋಗಿಬಿಟ್ರು."

"ಈಗ ತಂತಿ?"

"ಮತ್ತ ಕಡದೈತ್ರಿ. ಮಳಿಗಾಲದಾಗ. ಅವರು ಇನ್ನೂ ಬಂದಿಲ್ಲ. ಹೆರಿಗಿ ದವಾಖಾನ್ಯಾಗ ಡಾಕ್ಟರನ್ನ ಕೇಳಬೇಕಂದ್ರ ಸೈಕಲ್ ತುಳಕೊಂಡು ಪಟ್ಟಣಕ್ಕ ಹೋಗಬೇಕು."

ಗುರು ಹೊಳೆ ದಾಟಿ ಹೋಗುವ ತಂತಿಯ ಕಡಿದ ತುದಿಗಳನ್ನು ಅವಳ ಕೈಗೆ ಕೊಟ್ಟ.

ಅವಳು ಸಿಪ್ಪೆ ತೆಗೆದಳು. ಎಳೆ ಒರೆಸಿದಳು. ತುದಿ ಕತ್ತರಿಸಿದಳು. ಜೋಡಿಸಿದಳು.

"ಸರಿ ಆತೇನ್ರಿ?"

ಗುರು ನೋಡಲೂ ಇಲ್ಲ. "ಆಚಿ ದಂಡ್ಯಾಗ ಇದ್ದಾವನ್ನ ಕೇಳು."

ತಂತಿ ಈ ದಂಡೆಯಿಂದ ಸೇತುವೆ ಹಾದು ಆಚೆ ದಂಡೆಗೆ ಹೋಗುತ್ತಿತ್ತು. ಆ ತುದಿಯಲ್ಲಿ ಬಿರ್ಖ ಕೂರುತ್ತಿದ್ದ. ನೇಪಾಳದ ಹುಡುಗ. ಬೆಳಕು ಅಳೆಯುವ ಮೀಟರು ಅವನ ಕೈಯಲ್ಲಿ. ಬೇಸಿಗೆಯ ಹೊಳೆ, ಕೂಗಿದರೆ ಕೇಳುತ್ತಿತ್ತು.

"ಬಿರ್ಖಾ! ಬೆಳಕು ಬಂತೇನೋ?"

"ಇಲ್ಲಿ ಅಮಾಸಿ ಐತಿ! ಅಜ್ಜಾರ ರೊಟ್ಟಿ ಹಂಗ ಕರ್ರಗ!"

"ಇವತ್ತ ಅವಗ ರೊಟ್ಟಿ ಇಲ್ಲ," ಅಂದ ಗುರು.

ತಿಯಾಮಿಕೆ ಜೋಡಣೆ ಕತ್ತರಿಸಿದಳು. ಬೆಳಕು ಇಲ್ಲಿಯ ತನಕವಾದರೂ ಬಂದಿದೆಯೋ ಇಲ್ಲವೋ ಅಂತ ಎಳೆಯ ತುದಿಯನ್ನು ಕಣ್ಣಿಗೆ ಹಿಡಿಯಹೋದಳು.

ಗುರು ಫಟ್ಟನೆ ಕೈಗೆ ಹೊಡೆದ. ಎಳೆ ಹಾರಿತು.

"ಆ ಬೆಳಕು ಕಣ್ಣಿಗಿ ಕಾಣೂದಿಲ್ಲ. ಕಣ್ಣನ್ನ ತಿಂತೈತಿ."

"ಮತ್ತ ಐತೋ ಇಲ್ಲೋ ಹೆಂಗ ಗೊತ್ತಾಗಬೇಕ್ರಿ?"

"ನೀ ಜೋಡಿಸಿದ್ದು ನಿನಗ ಕಾಣೂದಿಲ್ಲ. ಆ ತುದಿಯಾವಗ ಗೊತ್ತು. ಅವ ಹುಣ್ಣಿವಿ ಅನ್ನೂತನಕ ನಿನ್ನ ಕೆಲಸ ಮುಗದಿಲ್ಲ."

ಜೋಡಿಸುವುದು ಬಂತು. ಆಮೇಲೆ ಹುಡುಕುವುದು. ಅದು ನಡಿಗೆಯ ಕೆಲಸ. ಗುರು ಎಲ್ಲೋ ಒಂದು ಕಡೆ ತಂತಿ ಕಡಿದು ಮಣ್ಣು ಮುಚ್ಚುತ್ತಿದ್ದ. ಶಿಷ್ಯರು ದಾರಿಗುಂಟ ನಡೆದು ಹುಡುಕಬೇಕು.

"ತಂತಿ ತಾನ ಕಡಿಯೂದಿಲ್ಲ," ಅನ್ನುತ್ತಿದ್ದ. "ಯಾರರ ಅಗದಿರತಾರ. ಮಣ್ಣು ನೋಡು. ಮಂದೀನ್ನ ಕೇಳು."

ಹೀಗಿರುವಾಗ ಒಂದು ಜೀಪು ಬಂತು. ಕಂಪನಿಯ ಸಾಹೇಬ ಇಳಿದ. ಎಳೆ ಜೋಡಿಸುವ ಹೊಸ ಯಂತ್ರ ತಂದಿದ್ದ. ಅಕ್ಕಿ ಮೂಟೆ ತಂದಿದ್ದ. ಈ ಮಕ್ಕಳ ದೇಶಗಳ ತಂತಿ ಎಲ್ಲ ಆ ಕಂಪನಿಯದೇ.

"ಅಜ್ಜ, ಇವರಿಗೆ ನಾವು ಪರೀಕ್ಷೆ ಇಡ್ತೀವಿ," ಅಂದ ಸಾಹೇಬ. "ಪಾಸಾದವರಿಗೆ ಅವರವರ ಊರಲ್ಲೇ ಕೆಲಸ."

ತಿಯಾಮಿಕೆ ಎದ್ದು ಹತ್ತಿರ ಬಂದಳು. ಕೆಲಸದ ಮಾತಿಲ್ಲದೆ ಮನೆಗೆ ಬರಬೇಡ ಅಂತ ಅವಳ ಸೋದರಮಾವ ಹೇಳಿ ಕಳಿಸಿದ್ದ.

"ಒಂದೇ ಮಾತು," ಅಂದ ಸಾಹೇಬ. "ಜೋಡಿಸೋದು ಕಲಿಸಿ. ಹುಡುಕೋದು ಬೇಡ."

"ಯಾಕ್ರಿ?"

"ಅದಕ್ಕೆ ನಮ್ಮ ಜನ ಇದಾರೆ. ವಿಮಾನದಲ್ಲಿ ಬರ್ತಾರೆ. ಕಡಿದ ಜಾಗ ತೋರಿಸ್ತಾರೆ. ಇವರು ಜೋಡಿಸಿದರೆ ಆಯ್ತು."

"ಅವರು ಬರೂತನಕ?"

"ಕಾಯ್ತಾರೆ."

"ಯಾರು?"

ಸಾಹೇಬ ನಕ್ಕ. "ಅಲ್ಲಿನವರು. ಅವರಿಗೆ ಅಭ್ಯಾಸ ಇದೆ ಅಜ್ಜ."

ಗುರು ಒಲೆಯ ಕಡೆ ನೋಡಿದ. ನೀಲವ್ವ ಕಾಯಿಲೆ ಬಿದ್ದು ಮಲಗಿದ್ದಾಗ ಅವನೂ ಕಾದಿದ್ದ. ಡಾಕ್ಟರು ಬರಲಿಲ್ಲ. ತಿಯಾಮಿಕೆಗೆ ಇದು ಗೊತ್ತಿತ್ತು. ಅವನಿಗೆ ಕಾಯುವುದು ಅಭ್ಯಾಸ ಆಗಿರಲಿಲ್ಲ ಅನ್ನುವುದೂ ಗೊತ್ತಿತ್ತು.

ಗುರು ಅಕ್ಕಿ ಮೂಟೆ ಎತ್ತಿ ಒಳಗಿಟ್ಟ. ಒಪ್ಪಿದ ಅಂದುಕೊಂಡು ಸಾಹೇಬ ಹೋದ.

"ಒಪ್ಪಿದ್ರೇನ್ರಿ ಅಜ್ಜಾರ?" ಅಂತ ತಿಯಾಮಿಕೆ ಕೇಳಿದಳು.

"ಅಕ್ಕಿ ತಗೊಂಡೆ."

"ಮತ್ತ ಅವರ ಮಾತು?"

"ಅದನ್ನ ತಗೊಳ್ಳಿಲ್ಲ."

ಮರುದಿನ ಗುರು ಎಂದಿನಂತೆ ಗುದ್ದಲಿ ಹಿಡಿದು ಹೊರಟ. ಎಲ್ಲರೂ ಹಿಂದೆ ನಡೆದರು. ತಿಯಾಮಿಕೆ ಏಳಲಿಲ್ಲ.

"ನಾ ಬರೂದಿಲ್ರಿ. ಹುಡುಕೂದು ಕಲತ್ರ ಕೆಲಸ ಕೊಡೂದಿಲ್ಲ. ಅರ್ಧ ಬಂದೈತಿ. ಅಷ್ಟ ಸಾಕು."

ಗುರು ಗುದ್ದಲಿ ಇಟ್ಟ. ಬೈಯಲಿಲ್ಲ. ಒಂದು ತುಂಡು ತಂತಿ ತೆಗೆದುಕೊಂಡ. ಅವಳಿಗೆ ಬೆನ್ನು ಮಾಡಿ ಕುಂತ. ಜೋಡಿಸತೊಡಗಿದ.

ತಿಯಾಮಿಕೆ ಕತ್ತು ಚಾಚಿದಳು. "ಸ್ವಲ್ಪ ಸರೀರಿ ಅಜ್ಜಾರ. ಕಾಣವಲ್ದು."

"ನಿನ್ನ ಕೆಲಸ ಅಲ್ಲ."

ಅವಳು ಎದ್ದು ಈಚೆ ಬಂದಳು. ಗುರು ಆಚೆ ತಿರುಗಿದ. ಅವಳು ಆಚೆ ಹೋದಳು. ಗುರು ಈಚೆ ತಿರುಗಿದ. ಮುದಿ ಬೆನ್ನು. ಅಂಗಿ ಬೆವತಿತ್ತು. ಅವಳ ಕಣ್ಣಿಗೆ ಅದು ಬೇರೆ ಯಾರದೋ ಬೆನ್ನಾಯಿತು. ಸರೋವರದ ಬಿಸಿಲು, ತಲೆಯ ಮೇಲೆ ನೀರಿನ ಕೊಡ, ಎದುರಿಗೆ ಆ ಬೆನ್ನು.

ಗಬಕ್ಕನೆ ಗುರುವಿನ ಹೆಗಲು ಹಿಡಿದು ತಿರುಗಿಸಿದಳು.

"ತೋರಸ್ರಿ!"

ಎಳೆ ಮುರಿಯಿತು. ದಾರಿಯಲ್ಲಿ ನಿಂತವರು ಬಾಯಿ ತೆರೆದು ನೋಡಿದರು. ಗುರುವನ್ನು ಯಾರೂ ಹಾಗೆ ಮುಟ್ಟಿದ್ದಿಲ್ಲ.

ಗುರುವಿನ ಕಣ್ಣಲ್ಲಿ ನಗು ಇತ್ತು. "ಆ ಹೊರಗಿನ ಮಂದೀನ್ನ ಯಾಕ ಹಿಂಗ ಹಿಡೀಲಿಲ್ಲ?"

"ಅವರು ದೊಡ್ಡ ಮಂದಿ."

"ನಾ ಸಣ್ಣಾವೇನು?"

ಅವಳಿಗೆ ನಗು ಬಂತು. ನಗುತ್ತಲೇ ಮುಖ ಒರೆಸಿಕೊಂಡಳು. ಗುದ್ದಲಿ ತಾನೇ ಹೊತ್ತು ಎಲ್ಲರಿಗಿಂತ ಮುಂದೆ ನಡೆದಳು.

ಪರೀಕ್ಷೆಯ ದಿನ ಬಂತು. ಬೇವಿನ ಮರದ ಕೆಳಗೆ ಸಾಹೇಬನ ಕುರ್ಚಿ. ಮುಂದೆ ಯಂತ್ರ. ಅವನ ಆಳು ಬಾವುಟ ನೆಟ್ಟ ಜಾಗದಲ್ಲಿ ತಂತಿ ಕಡಿಯುತ್ತಿದ್ದ. ಶಿಷ್ಯರು ಒಬ್ಬೊಬ್ಬರಾಗಿ ಜೋಡಿಸಬೇಕು.

ಮೊದಲನೆಯವನು ಜೋಡಿಸಿದ. ಯಂತ್ರ ಸರಿ ಅಂತ ತೋರಿಸಿತು. ಅವನು ಆಚೆ ದಂಡೆಗೆ ಕೂಗಿದ.

"ಅಮಾಸಿ!" ಅಂದ ಬಿರ್ಖ.

"ಇರಲಿ," ಅಂದ ಸಾಹೇಬ. "ಯಂತ್ರ ಸರಿ ಅಂದಿದೆ. ನೀನು ಪಾಸು. ಕೂತ್ಕೋ."

ಅವನು ಗುರುವಿನ ಮುಖ ನೋಡಿದ. ಗುರು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದ. ಅವನು ಕೂತ.

ಎರಡನೆಯವನೂ ಜೋಡಿಸಿದ. ಅಮಾಸಿ. ಅವನೂ ಕೂತ. ಆಮೇಲಿನವರೂ ಕೂತರು.

ಕೊನೆಗೆ ತಿಯಾಮಿಕೆ. ಅವಳೂ ಜೋಡಿಸಿದಳು. ಯಂತ್ರ ನೋಡಿ ಸಾಹೇಬ ಹುಬ್ಬೇರಿಸಿದ. "ಎಲ್ಲರಿಗಿಂತ ಚೆನ್ನಾಗಿದೆ. ಪಾಸು."

"ಬಿರ್ಖಾ!"

"ಅಮಾಸಿ ಅಕ್ಕಾ! ಬೆಳಿಗ್ಗಿಂದ ಅಮಾಸಿ!"

"ಇನ್ನೂ ಒಂದು ಜಾಗಾದಾಗ ಕಡದೈತ್ರಿ ಸಾಹೇಬ್ರ," ಅಂದಳು ತಿಯಾಮಿಕೆ.

"ಇರಬಹುದು. ಅದನ್ನ ನಮ್ಮವರು ಬಂದು ನೋಡ್ತಾರೆ. ಕೂತ್ಕೋಮ್ಮ. ನಿನ್ನ ಊರಿನ ಕೆಲಸ ನಿನಗೇ."

ಅವಳು ಕೂರಲು ಬಾಗಿದಳು. ಮಾವನ ಮುಖ ಕಣ್ಮುಂದೆ ಬಂತು. ತಾಯಿ ಮೀನಿನ ಬುಟ್ಟಿ ಇಳಿಸಿ ನಗುವುದು ಕಂಡಿತು. ಆಮೇಲೆ ಸೈಕಲ್ ಕಂಡಿತು. ಹೆರಿಗೆ ದವಾಖಾನೆಯ ಮುಂದೆ ನಿಂತ ಸೈಕಲ್.

ಅರ್ಧ ಬಾಗಿದವಳು ಹಾಗೇ ನಿಂತಳು.

"ಅಜ್ಜಾರ, ಹುಡುಕಾಕ ಹೋಗಲೇನ್ರಿ?"

"ಹೋದ್ರ ಕೆಲಸ ಹೋಗತೈತಿ."

"ಗೊತ್ತೈತ್ರಿ."

"ಮತ್ತ ನನ್ನ ಯಾಕ ಕೇಳತಿ? ಕಳಕೊಳ್ಳಾಕಿ ನೀನು." ಗುರು ಮೊರದಿಂದ ತಲೆ ಎತ್ತಲಿಲ್ಲ.

ಅವಳು ಗುದ್ದಲಿ ಎತ್ತಿಕೊಂಡಳು.

"ಏಯ್! ಕೂತ್ಕೋ ಅಂದೆ!" ಸಾಹೇಬ ಕುರ್ಚಿಯಿಂದ ಎದ್ದ. "ಹೋದರೆ ಹೆಸರು ಹೊಡೆದು ಹಾಕ್ತೀನಿ!"

"ನೀವೂ ಎದ್ರೆಲ್ರಿ," ಅಂದಳು. "ಬರ್ರಿ, ಕೂಡಿ ಹುಡಕೂಣು."

ಕೂತಿದ್ದವರು ಕಿಸಕ್ಕನೆ ನಕ್ಕರು. ಅವಳು ನಡೆದಳು.

ತಂತಿಯ ದಾರಿಗುಂಟ ನಡೆದಳು. ಮಣ್ಣು ನೋಡಿದಳು. ಹಳೆಯ ಮಣ್ಣು, ಗಟ್ಟಿ. ಸೇತುವೆಯ ಹತ್ತಿರ ಒಬ್ಬಳು ಬಟ್ಟೆ ಒಗೆಯುತ್ತಿದ್ದಳು.

"ಅವ್ವಾ, ಇಲ್ಲಿ ಯಾರರ ಅಗದ್ರೇನು?"

ಅವಳು ಬಟ್ಟೆ ಬಿಟ್ಟು ಇವಳನ್ನು ಮೇಲಿಂದ ಕೆಳಗೆ ನೋಡಿದಳು. "ಯಾವೂರಾಕಿ ನೀನು? ನಮ್ಮ ಮಾತು ಆಡ್ತಿ!"

"ದೂರದಾಕಿ. ಅಗದ್ರೇನವ್ವಾ?"

"ಹೊತ್ತು ಹುಟ್ಟೂದ್ರಾಗ ಜೀಪಿನ್ಯಾವರು ಬಂದಿದ್ರು. ಆ ಕಂಬದ ಬುಡಕ್ಕ ಅಗದ್ರು. ಏನ್ ಹುಗದಾರ, ಬಂಗಾರೇನು?"

ಕಂಬದ ಬುಡದಲ್ಲಿ ಮಣ್ಣು ಹಸಿಯಾಗಿತ್ತು. ಅಗೆದಳು. ತಂತಿ ಕಡಿದಿತ್ತು. ಕಡಿತ ನೇರವಾಗಿತ್ತು. ಇಲಿಯ ಹಲ್ಲಿನದಲ್ಲ, ಗುದ್ದಲಿಯದಲ್ಲ. ಕತ್ತರಿಯದು.

ಯಂತ್ರ ಇರಲಿಲ್ಲ. ಎಳೆಗಳನ್ನು ಕೈಯಿಂದಲೇ ಕೂಡಿಸುವ ಸಣ್ಣ ಕೊಳವೆಗಳನ್ನು ಗುರು ಎಲ್ಲರ ಚೀಲದಲ್ಲೂ ಇಡಿಸುತ್ತಿದ್ದ. ಮಣ್ಣಲ್ಲಿ ಕೂತು ಸಿಪ್ಪೆ ತೆಗೆದಳು. ಒರೆಸಿದಳು. ಕತ್ತರಿಸಿದಳು. ಕೊಳವೆಗೆ ಈ ಕಡೆಯಿಂದ ಒಂದು ಎಳೆ, ಆ ಕಡೆಯಿಂದ ಒಂದು ಎಳೆ. ಒತ್ತಿದಳು.

ಕೂಗುವ ಮೊದಲೇ ಆಚೆ ದಂಡೆಯಿಂದ ದನಿ ಬಂತು.

"ಹುಣ್ಣಿವಿ! ಅಕ್ಕಾ, ಹುಣ್ಣಿವಿ! ಹುಣ್ಣಿವಿ!"

ಬಟ್ಟೆ ಒಗೆಯುವವಳು ಆಕಾಶ ನೋಡಿದಳು. "ಹಾಡಹಗಲಿ ಎಂಥಾ ಹುಣ್ಣಿವಿ? ಆ ಹುಡುಗಗ ಬಿಸಿಲು ಹತ್ತೇತಿ."

ತಿಯಾಮಿಕೆ ಮರಳಿ ಬಂದಳು. ಮೊಣಕಾಲ ತನಕ ಮಣ್ಣು. ಸಾಹೇಬ ಅವಳ ಹೆಸರು ಹೊಡೆದು ಹಾಕಿದ್ದ.

"ಅದನ್ನ ನಾವೇ ಕಡಿದಿದ್ದು," ಅಂದ. "ಯಾರು ಏಳ್ತಾರೆ ಅಂತ ನೋಡೋಕೆ. ನಮಗೆ ಏಳೋರು ಬೇಡ. ನಿನಗೆ ಕೆಲಸ ಇಲ್ಲ."

"ನಮ್ಮೂರ ತಂತಿ ಕಡದ ಬಿದ್ದೈತಿ. ಕೆಲಸ ಇಲ್ಲಂತ ಹೆಂಗ ಅಂತೀರಿ?"

"ಆ ತಂತಿ ನಮ್ಮದು. ಮುಟ್ಟಿದರೆ ಜೈಲು."

ಸಾಹೇಬ ಯಂತ್ರ ಜೀಪಿಗೆ ಹಾಕಿಸಿದ. ಉಳಿದ ಅಕ್ಕಿಯನ್ನೂ ಹಾಕಿಸಿದ. ಗುರುವಿನ ಮುಂದಿನ ಮೊರಕ್ಕೆ ಆಳು ಕೈ ಹಾಕಿದ.

"ಅದನ್ನ ಆರಿಸೇನಿ," ಅಂದ ಗುರು. "ಅದು ನಂದು."

ಆಳು ಕೈ ಹಿಂದಕ್ಕೆ ತೆಗೆದ. ಜೀಪು ಹೋಯಿತು. ಧೂಳು ಕೂತಿತು.

ಪಾಸಾದವರು ತಲೆ ತಗ್ಗಿಸಿ ಕೂತಿದ್ದರು. ಯಾರೂ ತಿಯಾಮಿಕೆಯ ಕಡೆ ನೋಡಲಿಲ್ಲ. ಗುರು ಅನ್ನಕ್ಕೆ ಇಟ್ಟ. ಅಂದು ಅನ್ನ ತಳ ಹಿಡಿಯಲಿಲ್ಲ. ಮೊದಲ ಸೌಟು ಅವಳಿಗೆ ಬಡಿಸಿದ.

ಅವಳು ತಟ್ಟೆ ಹಿಡಿದುಕೊಂಡೇ ಇದ್ದಳು.

"ತಿನ್ನು."

"ಅಜ್ಜಾರ, ಜೋಡಸೂದು, ಹುಡಕೂದು ಎರಡೂ ಕಲಿಸಿದ್ರಿ. ನಾ ನಾಳೆ ಊರಿಗಿ ಹೊಂಟೇನಿ. ಮಾವ ಬಾಗಲಾ ತಗೀಲಿಕ್ಕಿಲ್ಲ. ತಗೀಲಿ, ಬಿಡಲಿ. ಆದ್ರ ನಮ್ಮೂರ ತಂತಿ ಸುತ್ತ ಕಂಪನ್ಯಾವರು ಬೇಲಿ ಹಾಕ್ಯಾರ. ಕಾವಲು ಇಟ್ಟಾರ. ನನ್ನ ಮುಟ್ಟಾಕ ಬಿಡದಿದ್ರ ಈ ವಿದ್ಯಾ ತಗೊಂಡು ಏನ್ ಮಾಡ್ಲಿ?"

ಗುರು ಅವಳ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದ.

"ಅವರ ಬೇಲಿ ಮುಂದನ ಕುಂತು ಊರ ಹುಡುಗ್ಯಾರಿಗೆಲ್ಲಾ ಕಲಿಸು. ಒಬ್ಬಾಕಿನ್ನ ಜೈಲಿಗಿ ಹಾಕ್ಯಾರು. ಊರಿಗಿ ಊರ ಎದ್ದು ಬಂದ್ರ ಎಲ್ಲಿ ಹಾಕ್ತಾರ, ನೋಡೂಣು."