ಸಂತೆಗೆ ಹೋದ ಹೋತ

"ಗುರುಗಳೇ, ಪ್ರೀತಿಯದನ್ನೆಲ್ಲ ಕಡಿದು ಹಾಕಿದೆ. ಆದರೂ ನನ್ನ ಕತೆ ಏಕೆ ಮುಂದೆ ಸಾಗುತ್ತಿಲ್ಲ?" ಎಂದು ಮುರಿಗೆಪ್ಪ ಕೇಳಿದ.

ಅವನದು ಮನೆ ಪಾಲಿಗಾಗಿ ಕಚ್ಚಾಡುವ ಅಣ್ಣತಮ್ಮಂದಿರ ಕತೆ. ಮರುದಿನ ಅದನ್ನು ಮಠದ ಅಂಗಳದಲ್ಲಿ ಊರವರ ಮುಂದೆ ಹೇಳಬೇಕಿತ್ತು. ಮೊದಲು ಗುರುಗಳಿಗೆ ಹೇಳಿ ತೋರಿಸಿದಾಗ ಅದರಲ್ಲಿ ಒಬ್ಬ ದೊಡ್ಡಮ್ಮ ಇದ್ದಳು. ಜಗಳ ಹತ್ತಿದಾಗಲೆಲ್ಲ "ಮೊದಲು ಉಣ್ಣಿರೋ, ಆಮೇಲೆ ಬಡಿದಾಡಿ" ಎಂದು ತಟ್ಟೆ ಇಡುವವಳು. ಅವಳೆಂದರೆ ಮುರಿಗೆಪ್ಪನಿಗೆ ಪ್ರಾಣ. ಅದಕ್ಕೇ ಅವಳನ್ನು ತೆಗೆದಿದ್ದ. ಈಗ ಅಣ್ಣತಮ್ಮಂದಿರು ಬರೀ ಬೈದಾಡುತ್ತಿದ್ದರು; ಕೇಳಲು ಅವನಿಗೇ ಬೇಸರ. ನಾಳೆ ಊರ ಮುಂದೆ ಮಾನ ಹೋಗುತ್ತದೆಂದು ಅವನಿಗೆ ಹೆದರಿಕೆಯಾಗಿತ್ತು.

"ಕಡಿ ಎಂದವರು ಯಾರಪ್ಪ?"

"ನೀವೇ ಹೇಳಿದಿರಲ್ಲ, ಮುದ್ದಿನದೆಂದು ಯಾವುದನ್ನೂ ಉಳಿಸಬೇಡ ಎಂದು."

"ಅಯ್ಯೋ ಪುಣ್ಯಾತ್ಮಾ! ಕೂತುಕೋ" ಎಂದು ಗುರುಗಳು ನಕ್ಕು ಹೇಳತೊಡಗಿದರು.

ಒಬ್ಬ ಕುರಿಗಾರನಿದ್ದ. ಹೊಳೆಯ ಈಚೆ ಮೇವು ಮುಗಿದಿತ್ತು, ಆಚೆ ದಡದಲ್ಲಿ ಹುಲ್ಲು ಮೊಣಕಾಲುದ್ದ. ಅವನ ಮಂದೆಯಲ್ಲಿ ಕುಂಟುವವು, ಕೆಮ್ಮುವವು ಹಲವು. ಒಂದನ್ನೂ ಕಳೆಯಲು ಅವನಿಗೆ ಮನಸ್ಸು ಬಾರದು. ಹಿರಿಯ ಕುರಿಗಾರನೊಬ್ಬ ಹೇಳಿದ: "ತಮ್ಮಾ, ದಾಟುವ ಮುಂಚೆ ಮಂದೆ ಹಗುರ ಮಾಡಿಕೋ. ಮುದ್ದಿನದೆಂದು ಯಾವುದನ್ನೂ ಉಳಿಸಬೇಡ."

ಇವನು ಮುದ್ದನ್ನೇ ಅಳೆಯುತ್ತ ಕೂತ. ಎಲ್ಲಕ್ಕಿಂತ ಮುದ್ದಿನದು ಕೊರಳಿಗೆ ಗಂಟೆ ಕಟ್ಟಿದ್ದ, ಕಪ್ಪು ಬಿಳಿ ಮಚ್ಚೆಯ ಹಂಡ ಹೋತ, ಅವನ ಕೈಯಿಂದಲೇ ರೊಟ್ಟಿ ತಿನ್ನುತ್ತಿದ್ದ ಹೋತ. ಕಣ್ಣೀರು ಒರೆಸಿಕೊಂಡು ಅದನ್ನು ಸಂತೆಗೆ ಹೊಡೆದ. ಎಂಥ ತ್ಯಾಗ ಮಾಡಿದೆ ಎಂದು ಎದೆ ಉಬ್ಬಿಸಿಕೊಂಡೇ ತಿರುಗಿ ಬಂದ. ಕುಂಟು ಕುರಿಗಳ ಮೇಲೆ ಅಷ್ಟು ಮೋಹವಿರಲಿಲ್ಲ, ಹಾಗಾಗಿ ಅವು ಉಳಿದವು ನೋಡು!

ಕುರಿ ತಾನಾಗಿ ನೀರಿಗಿಳಿಯುವ ಪ್ರಾಣಿಯಲ್ಲ. ಮುಂದೆ ಹೋತ ಇಳಿದರೆ ಹಿಂದೆ ಇಳಿಯುತ್ತದೆ. ಮಂದೆಗೊಂದು ಹೋತ ಸಾಕುವುದು ಅದಕ್ಕೇ. ದಡಕ್ಕೆ ಬಂದ ಮಂದೆ ಅಲ್ಲೇ ಬೇರು ಬಿಟ್ಟಿತು. ಕುರಿಗಾರ ನೂಕಿದ, ಬೈದ, ಕೈ ಮುಗಿದ. ಒಂದನ್ನು ಎತ್ತಿ ನೀರಿಗೆ ಬಿಟ್ಟರೆ ಅದೂ ತಿರುಗಿ ಬಂತು. ಅಷ್ಟರಲ್ಲಿ ಮೇಲೆಲ್ಲೋ ಮಳೆಯಾಗಿ ಹೊಳೆ ಕೆಂಪಾಗತೊಡಗಿತು. ಇನ್ನು ದಾಟದಿದ್ದರೆ ಹಸಿದ ಮಂದೆ ಈಚೆಯೇ ಸಾಯಬೇಕು.

"ಹಿರಿಯರೇ, ನಿಮ್ಮ ಮಾತು ಕೇಳಿ ಕೆಟ್ಟೆ!" ಎಂದು ಅವನು ಗೋಳಾಡಿದ.

ಹಿರಿಯ ಹೇಳಿದ: "ಮುದ್ದಿನದೆಂದು ಉಳಿಸಬೇಡ ಎಂದೆ. ಮುದ್ದಿನದೆಂದು ಮಾರು ಎಂದೆನೇನೋ? ಯಾವುದು ಮಂದೆಯನ್ನು ನಡೆಸುತ್ತದೆ, ಯಾವುದು ತಡೆಯುತ್ತದೆ, ಅದನ್ನು ನೋಡಬೇಕಿತ್ತು."

ಕುರಿಗಾರ ಸಂತೆಗೆ ಓಡಿದ. ಹೋತ ಆಗಲೇ ಯಾರದೋ ಮನೆಯ ಒಲೆ ಏರಿತ್ತು.

ಗುರುಗಳು ಕತೆ ನಿಲ್ಲಿಸಿದರು. ಮುರಿಗೆಪ್ಪ "ಪಾಪ, ಎಂಥ ದಡ್ಡ!" ಎಂದ.

"ಅವನ ಹೋತ ಮತ್ತೆ ಸಿಗಲಿಲ್ಲ, ನಿನ್ನ ದೊಡ್ಡಮ್ಮನನ್ನು ಯಾವ ಸಂತೆಯಲ್ಲಿ ಬಿಟ್ಟು ಬಂದೆ?"

ಮುರಿಗೆಪ್ಪ ದಡಬಡಿಸಿ ಎದ್ದು, ದೊಡ್ಡಮ್ಮನನ್ನು ಮತ್ತೆ ಕತೆಗೆ ಕರೆತರಲು ಮನೆಗೆ ಓಡಿದ.